ಮಾಲೀಕರನ್ನು ಕಂಡರೆ ಕೂಗುವ ಯಂತ್ರ

ಗೆಳೆಯರೇ, ಇಂದು ಊಟಿಯ ಸ್ವೆಟರ್ ಅಂಗಡಿಯೊಂದಕ್ಕೆ ಕಳ್ಳತನ ಹಿಡಿಯುವ ಯಂತ್ರ ಜೋಡಿಸಿದೆ. ಬಾಗಿಲಿನ ಎರಡು ಆಂಟೆನಾ ಕಂಬ, ದೀಪ, ಸೈರನ್ ಎಲ್ಲದರ ವೈರನ್ನೂ ಕಂಟ್ರೋಲರ್‌ಗೆ ಕೊಟ್ಟಾಯಿತು. ಟ್ಯಾಗ್ ತೆಗೆಯದ ಬಟ್ಟೆ ಕಂಬಗಳ ನಡುವೆ ಹಾದರೆ ಸೈರನ್ ಕೂಗಬೇಕು. ಮಾಲೀಕರ ಸಹಿ ಸಿಕ್ಕರೆ ನಾಲ್ಕು ಗಂಟೆಯ ಕೋತಗಿರಿ ಬಸ್ಸು ಹಿಡಿಯಬಹುದಿತ್ತು.

ಅವರು ಬರಿಗೈಯಲ್ಲಿ ಬಾಗಿಲು ದಾಟಿದರು. ಸೈರನ್ ಕೂಗಿತು.

"ಏನು ತಂಬಿ, ನಾನೇ ಕಳ್ಳನಾ?"

ಆಂಟೆನಾ ವೈರುಗಳನ್ನು ಬಿಚ್ಚಿ ಮತ್ತೆ ಜೋಡಿಸಿದೆ. ಅವರು ಮೂರು ಸಲ ದಾಟಿದರು, ಮೂರು ಸಲವೂ ಕೂಗಿತು. ನಾನು ದಾಟಿದರೆ ಸದ್ದಿಲ್ಲ. ಅಷ್ಟರಲ್ಲಿ ಬಸ್ಸು ಹೋಯಿತು.

ಸ್ವೆಟರ್ ಕೊಳ್ಳಲು ಹುಬ್ಬತಲೈ ಹಳ್ಳಿಯಿಂದ ಬಂದಿದ್ದ ಅಜ್ಜಿಯೊಬ್ಬರು (ಇಲ್ಲಿನ ಬಡಗರ ಮಾತಿನಲ್ಲಿ 'ಹೆತ್ತೆ') ಮಾಲೀಕರ ತೋಳೆತ್ತಿ ನೋಡಿದರು. "ಇದೇನಪ್ಪಾ, ಕಂಕುಳಲ್ಲಿ ಬಿಲ್ಲೆ ನೇತಾಡ್ತಿದೆ?"

"ಬೆಳಿಗ್ಗೆ ಚಳಿ ಅಲ್ವಾ ಹೆತ್ತೆ, ರ‍್ಯಾಕಿಂದ ಒಂದು ತೆಗೆದು ಹಾಕ್ಕೊಳ್ತೀನಿ. ಸಾಯಂಕಾಲ ಮಡಚಿ ಅಲ್ಲೇ ಇಡ್ತೀನಿ. ಅಂಗಡಿ ನಂದು ಅಂತ ಮಿಷನ್‌ಗೆ ಗೊತ್ತಾಗಬೇಡವಾ?"

ಅಜ್ಜಿ ತಾವು ಆರಿಸಿದ್ದ ಸ್ವೆಟರನ್ನು ಒಮ್ಮೆ ಮೂಸಿ, ವಾಪಸ್ ಇಟ್ಟು ಹೊರಟುಹೋದರು.

'ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆ' ಎಂದು ವರದಿಯಲ್ಲಿ ಬರೆದೆ. ಮಾಲೀಕರು ಸ್ವೆಟರ್ ಬಿಚ್ಚಿಟ್ಟು ಸಹಿ ಹಾಕಿದರು. ಚಳಿಗೆ ಕೈ ನಡುಗಿ ಸಹಿ ಸ್ವಲ್ಪ ಸೊಟ್ಟಗಾಗಿದೆ.