ತಗ್ಗಿಗೆ ಇಳಿದ ಎತ್ತರ

ಭಾಲ್ಕಿಯ ನಮ್ಮ ವರ್ಕ್‌ಶಾಪಿನಲ್ಲಿ ಮಾವನವರ ಕಾಲದ, ಲೋಹ ಕಡೆಯುವ ಲೇಥ್ ಇತ್ತು. ಅದರ ಬೆಡ್, ಅಂದರೆ ಉದ್ದನೆಯ ಲೋಹದ ತಳ, ಸವೆದು ತಗ್ಗು ಬಿದ್ದು, ನಮ್ಮ ಯಜಮಾನರು ಗುಜರಿಗೆ ಹಾಕುವವರಿದ್ದರು. ಕೊನೆಯ ಆಸೆಯಿಂದ ಔರಾದಿನ ಮಿಸ್ತ್ರಿಯನ್ನು ಕರೆಸಿದೆವು. ಅವರು ಸಪಾಟು ಉಕ್ಕಿನ ಪಟ್ಟಿಗೆ ನೀಲಿ ಬಣ್ಣ ಬಳಿದು ಬೆಡ್ ಮೇಲೆ ಎಳೆದು, ನೀಲಿ ಹತ್ತಿದ ಉಬ್ಬುಗಳನ್ನಷ್ಟೇ ಕೆರೆಯುವರು. ಮತ್ತೆ ನೀಲಿ, ಮತ್ತೆ ಕೆರೆತ. ಅಂಥ ಪೇಶನ್ಸ್ ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳಲ್ಲೂ ಕಂಡಿರಲಿಲ್ಲ.

"ತಗ್ಗು ಹ್ಯಾಂಗ ತುಂಬತೀರಿ?" ಎಂದೆ.

"ತುಂಬಂಗಿಲ್ರಿ ಅಕ್ಕಾರ. ಎತ್ತರ ಇದ್ದದ್ದೇ ಕೆಳಗ ಇಳೀಬೇಕು. ನೀಲಿ ಹೇಳ್ತದ, ನಾ ಕೇಳ್ತೇನಿ."

"ಅಷ್ಟರಾಗ ನಾನೇ ಗುಜರಿ ಆಗ್ತೇನಿ," ಎಂದರು ಯಜಮಾನರು.

"ನಿಮಗೂ ನೀಲಿ ಹಚ್ಚಿ ನೋಡೋಣ್ರಿ ಸಾಹೇಬ್ರ. ನೀಲಿ ಹೇಳ್ತದ."

ಕೊನೆಗೊಂದು ಮಧ್ಯಾಹ್ನ ಪಟ್ಟಿ ಎತ್ತಿದರೆ, ಓ ಮೈ ಗಾಡ್, ತಗ್ಗಿದ್ದಲ್ಲೂ ಸಮವಾಗಿ ನೀಲಿ ಚುಕ್ಕಿಗಳು; ಬೆಡ್ ಸಪಾಟಾಗಿತ್ತು. ಬಾಗಿಲಲ್ಲಿದ್ದ ಯಜಮಾನರು ಚಪ್ಪಲಿ ಬಿಟ್ಟು ಒಳಗೆ ಬಂದು, ತಂದೆಯ ಲೇಥನ್ನು ಮುಟ್ಟಿದರು.