ಗುಸ್ತಾರ್ ಅಂದರೆ ಸೇರುವುದು

ಕೌತಾಳಂನ ದೀಪಿಕಾ ಮೊದಲ ಸಲ ನಪಾಸಾದದ್ದು ಒಂದು ಕರುವಿನಿಂದ. ಸ್ಪೇನ್ ದೇಶದ ದಾನಿಗಳ ನೆರವಿನಿಂದ ಹಳ್ಳಿಯ ಮಕ್ಕಳನ್ನು ಓದಿಸುವ ಸಂಸ್ಥೆಯೊಂದು ಆದೋನಿಯಲ್ಲಿತ್ತು. ಮಕ್ಕಳು ದಾನಿಗಳಿಗೆ ಬರೆಯುವ ಕಾಗದಗಳನ್ನು ಸ್ಪ್ಯಾನಿಷ್‌ಗೆ ತಿರುಗಿಸುವ ಕೆಲಸಕ್ಕೆ ಅವಳು ಪರೀಕ್ಷೆಗೆ ಕೂತಿದ್ದಳು. ‘ನನಗೆ ನಮ್ಮ ಕರು ಇಷ್ಟ’ ಎಂಬ ವಾಕ್ಯ ಅವಳ ಕೈಯಲ್ಲಿ ‘ನಮ್ಮ ಕರುವಿಗೆ ನಾನು ಇಷ್ಟ’ ಎಂದಾಗಿತ್ತು.

“ಕರುವಿನ ಮನಸು ನಿಮಗ ಹೆಂಗ ಗೊತ್ತಾತಮ್ಮ?” ಎಂದು ಪರೀಕ್ಷಕ ಲಕ್ಷ್ಮಿಕಾಂತ್ ಕೇಳಿದ್ದರು.

ಇನ್ನೊಂದೇ ಅವಕಾಶವಿತ್ತು, ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತಿತ್ತು. ಹಗಲು ಹತ್ತಿ ಮಿಲ್ಲಿನಲ್ಲಿ ಟೈಪಿಂಗ್, ಹೋಗಿಬರುವ ಬಸ್ಸಿನಲ್ಲಿ ಫೋನಿನ ಪಾಠ. ಕೈಕೊಟ್ಟದ್ದು ಇಷ್ಟವನ್ನು ಹೇಳುವ ಸ್ಪ್ಯಾನಿಷ್ ಕ್ರಿಯಾಪದ ‘ಗುಸ್ತಾರ್’. ಪಾಠವೆಲ್ಲ ಇಂಗ್ಲಿಷಿನಲ್ಲಿ. ‘ಐ ಲೈಕ್’ನ ‘ಐ’ ಎಲ್ಲಿ ಹೋಯಿತೆಂದು ಹುಡುಕುವಷ್ಟರಲ್ಲಿ ವಾಕ್ಯ ತಲೆಕೆಳಗಾಗುತ್ತಿತ್ತು.

ಒಂದು ಭಾನುವಾರ ಊಟಕ್ಕೆ ಕೂತ ತಾಯಿ ಸುಂಕಮ್ಮ ಬದನೆಕಾಯಿಯ ಹೋಳುಗಳನ್ನು ತಾಟಿನ ಅಂಚಿಗೆ ಸರಿಸಿದಳು.

“ನನಗ ಬದನಿಕಾಯಿ ಸೇರಂಗಿಲ್ಲ ಅಂತ ಗೊತ್ತಿದ್ದೂ ಮಾಡೀದಿ. ಅವರಿಕಾಳು ಆದ್ರ ಸೇರತಾವ.”

ದೀಪಿಕಾಳ ತುತ್ತು ಅರ್ಧಕ್ಕೇ ನಿಂತಿತು. ಸೇರುವುದು ಅವ್ವನಲ್ಲ, ಕಾಳು. ಅವ್ವ ಬರೀ ‘ನನಗ’. ಒಂದಾದರೆ ಸೇರತೈತಿ, ಹಲವಾದರೆ ಸೇರತಾವ. ಸ್ಪ್ಯಾನಿಷ್‌ನಲ್ಲೂ ಹಾಗೇ: ಒಂದಾದರೆ ಗುಸ್ತಾ, ಹಲವಾದರೆ ಗುಸ್ತಾನ್.

“ಇನ್ನೊಮ್ಮೆ ಅನ್ನವ್ವ.”

“ಯಾಕ, ಕಿವಿ ಕೇಳಂಗಿಲ್ಲೇನು?”

ಉಳಿದ ಎರಡು ತಿಂಗಳು ಅವಳು ಇಂಗ್ಲಿಷನ್ನು ಬದಿಗಿಟ್ಟು, ಆ ಕ್ರಿಯಾಪದವಿದ್ದ ವಾಕ್ಯಗಳನ್ನೇ ಹೆಕ್ಕಿ ಓದಿದಳು.

ಪರೀಕ್ಷೆಯ ದಿನ ಲಕ್ಷ್ಮಿಕಾಂತ್ ಅವಳನ್ನು ಗುರುತು ಹಿಡಿದರು. ತನ್ನ ತಾಯಿಗೆ ಆಡುಗಳು ಇಷ್ಟವೆಂದು ಒಬ್ಬ ಹುಡುಗಿ ಬರೆದಿದ್ದಾಳೆ, ಸ್ಪ್ಯಾನಿಷ್‌ನಲ್ಲಿ ಹೇಳಿ ಎಂದರು. ಅವ್ವಗ ಆಡು ಸೇರತಾವ ಎಂದುಕೊಂಡು ಅವಳು ತಡವರಿಸದೆ ಹೇಳಿದಳು: “ಅ ಮಿ ಮಾದ್ರೆ ಲೆ ಗುಸ್ತಾನ್ ಲಾಸ್ ಕಾಬ್ರಾಸ್.”

ಅವರು ಮುಂದಿನ ಹಾಳೆ ತಿರುಗಿಸಿದರು. ಅದೇ ಹುಡುಗಿ ತನ್ನನ್ನು ಓದಿಸುವ ದಾನಿ ಅಜ್ಜಿಗೆ ‘ನೀವು ನನಗೆ ಬಹಳ ಇಷ್ಟ’ ಎಂದು ಬರೆದಿದ್ದಳು. ಮುಂಚೆ ಬಂದ ಐವರೂ ಅಲ್ಲಿ ಗುಸ್ತಾರ್ ಹಾಕಿ ಹೋಗಿದ್ದರು.

“ಇಲ್ಲಿ ಆ ಪದ ಬ್ಯಾಡ್ರಿ ಸರ್,” ಎಂದಳು ದೀಪಿಕಾ. “ಮನುಷ್ಯರಿಗೆ ಹಾಕಿದ್ರ ಪ್ರೇಮಪತ್ರ ಆಕ್ಕೈತಿ. ಇಲ್ಲಿ ಕೆರೇರ್ ಅನ್ನೋ ಪದ ಬರಬೇಕು, ಅದು ಅಜ್ಜಿ ಮ್ಯಾಲಿನ ಪ್ರೀತಿಗೆ ಹಾಕೋದು.”

ಲಕ್ಷ್ಮಿಕಾಂತ್ ಈ ಸಲ ಗೇಲಿ ಮಾಡಲಿಲ್ಲ. ತಾವು ಬರೆದುಕೊಂಡಿದ್ದ ಆ ಐದು ಉತ್ತರಗಳನ್ನು ಹೊಡೆದುಹಾಕಿದರು.

ಸೋಮವಾರ ಅವಳು ಕೆಲಸಕ್ಕೆ ಹಾಜರಾದಳು. ಹೊಸಬಳೆಂದು ಅವರು ಮೇಜಿನ ಮೇಲೆ ಕಾಗದಗಳ ಒಂದು ಸಣ್ಣ ಕಟ್ಟು ಇಟ್ಟು, ಇವತ್ತಿಗೆ ಇಷ್ಟು ಸಾಕೆಂದರು.

“ಸಾಲಂಗಿಲ್ರಿ,” ಎಂದಳು ದೀಪಿಕಾ. “ಇನ್ನೊಂದು ಕಟ್ಟು ಕೊಡ್ರಿ.”