ಓಗೊಡಬಾರದ ಕೂಗು

ಡೆಲ್ಫೀನ್ ಮಾರುತ್ತಿದ್ದದ್ದು ಬಿಸಿಲು. ಅಮೆರಿಕದ ಮೂಲನಿವಾಸಿ ನವಾಹೋ ಜನರ ನಾಡಿನಲ್ಲಿ ಅವಳ ಅಜ್ಜಿ ಕುರಿ ಮೇಯಿಸುತ್ತಿದ್ದ ಕೆಂಪು ಬಂಡೆಯ ಬಯಲಲ್ಲಿ, ಮೈ ಓರೆ ಮಾಡಿಕೊಂಡು ನಡೆಯಬೇಕಾದಷ್ಟು ಇಕ್ಕಟ್ಟಿನ ಆಳವಾದ ಕೊರಕಲೊಂದಿದೆ. ಮಧ್ಯಾಹ್ನ ಮೇಲಿನ ಸೀಳಿನಿಂದ ಕೋಲಿನಷ್ಟು ಬಿಸಿಲು ಒಳಗಿಳಿಯುತ್ತದೆ. ಅದನ್ನು ನೋಡಲು ಜನ ಸಮುದ್ರ ದಾಟಿ ಬರುತ್ತಾರೆ. ಹೊರಗೆ ಅದೇ ಬಿಸಿಲು ಬಿಟ್ಟಿ ಬಿದ್ದಿರುತ್ತದೆ. ಈ ಮಾತನ್ನು ಡೆಲ್ಫೀನ್ ಯಾವ ಗಿರಾಕಿಗೂ ಹೇಳಿದವಳಲ್ಲ. ಬಂಡೆಯ ಉಬ್ಬು ತೋರಿಸಿ "ಇದು ಕರಡಿ" ಅನ್ನುತ್ತಿದ್ದಳು. ಕರಡಿ ಕಾಣದವರಿಗೆ ಅದೇ ಉಬ್ಬು ಹದ್ದಾಗುತ್ತಿತ್ತು.

ಹೋದ ಮಳೆಗಾಲದಲ್ಲಿ ಅವಳ ಸೋದರತ್ತೆಯ ಹಿರಿಮಗ, ಅವನೂ ದಾರಿ ತೋರಿಸುವವನೇ, ಆ ಕೊರಕಲಿನಲ್ಲೇ ನೀರಿಗೆ ಸಿಕ್ಕಿ ಸತ್ತ. ಅವನ ಹೆಸರು ಇಲ್ಲಿ ಬೇಡ. ಆ ಜನ ಸತ್ತವರ ಹೆಸರೆತ್ತುವುದಿಲ್ಲ; ಎತ್ತಿದರೆ ಕರೆದಂತಾಗುತ್ತದೆ. ಅವರಾಗಿ ಕರೆದರಂತೂ ಓಗೊಡಲೇಬಾರದು ಎಂದು ಅತ್ತೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಳು.

ಅತ್ತೆಯ ಕಿರಿಮಗ ಲೀಲೆಂಡ್ ಪ್ರವಾಸಿಗರ ಟ್ರಕ್ಕು ಓಡಿಸುತ್ತಾನೆ. ಅವನದು ಅಣ್ಣನದೇ ಗಂಟಲು. ಅತ್ತೆ ಮಗ ಅಂದಮೇಲೆ ಗೇಲಿ ಇದ್ದದ್ದೇ.

"ನಿನ್ನ ರೊಟ್ಟೀನ ಟ್ರಕ್ಕಿನ ಚಕ್ರಕ್ಕೆ ಅಡ್ಡ ಇಟ್ಟಿದೀನಿ ಕಣೇ. ಒಂದಿಂಚು ಅಲ್ಲಾಡಿಲ್ಲ."

"ಇಟ್ಕೋ. ನಿಂಗೆ ಹೆಣ್ಣು ಸಿಗೋವರೆಗೂ ಅದೇ ಗತಿ."

ಆ ದಿನ ಆಕಾಶ ತೊಳೆದಿಟ್ಟಂತಿತ್ತು. ಡೆಲ್ಫೀನ್ ಬೆರಳೆಣಿಕೆಯ ಜನರನ್ನು ಕರೆದುಕೊಂಡು ಕಬ್ಬಿಣದ ಏಣಿ ಇಳಿದು ಒಳಗೆ ಹೊರಟಳು. ಅವಳ ಬೆನ್ನಿಗೇ ಇದ್ದದ್ದು ಮಂಡಿ ನೋವಿನ ಜೂಡಿತ್, ನಿವೃತ್ತ ಮೇಷ್ಟರಮ್ಮ. ಎರಡು ತಿರುವು ದಾಟಿದ ಮೇಲೆ ಗಾಳಿ ನಿಂತಿತು. ಸೀಳಿನಂಚಿನಿಂದ ನೂಲಿನಂತೆ ಸುರಿಯುತ್ತಿದ್ದ ಮರಳೂ ನಿಂತಿತು. ಆಮೇಲೆ ಮೇಲಿನಿಂದ ಒಂದು ದನಿ.

"ಮೇಕೆಮರೀ..."

ಆಡು ಕಾಯುವ ವಯಸ್ಸಿನಲ್ಲಿ ಅವಳಿಗೆ ಆ ಹೆಸರಿಟ್ಟವನು ಸತ್ತವನೇ. ಡೆಲ್ಫೀನ್ ತಲೆ ಎತ್ತದೆ ನಡೆದಳು. ದನಿ ಮತ್ತೆ ಬಂತು. ಈ ಸಲ ಗೋಡೆಗಳಿಗೆ ಬಡಿದು ಬಡಿದು ಮಾತು ಪುಡಿಯಾಗಿತ್ತು. ಅವಳ ಹೆಜ್ಜೆ ಬಿರುಸಾಯಿತು. ಒಂದೊಂದು ಹೆಜ್ಜೆಗೂ ಏಣಿ ದೂರವಾಗುತ್ತಿತ್ತು.

ಅಷ್ಟರಲ್ಲಿ ಇನ್ನೊಂದು ಭಯ ಹೊಕ್ಕಿತು. ಕೂಗುತ್ತಿರುವವನು ಲೀಲೆಂಡೇ ಆಗಿದ್ದರೆ? ಎಲ್ಲೋ ದೂರದ ಗುಡ್ಡದಲ್ಲಿ ಮಳೆ ಸುರಿದಿದ್ದರೆ? ಓಗೊಟ್ಟರೆ ಸತ್ತವನು ಬೆನ್ನು ಹತ್ತಬಹುದು. ಓಗೊಡದಿದ್ದರೆ ಇಷ್ಟೂ ಜನ ಇಲ್ಲೇ ಮುಳುಗಬಹುದು. ಡೆಲ್ಫೀನ್ ನಿಂತಳು.

"ಅಮ್ಮಾ, ಮೇಲೆ ಯಾರೋ ಕೂಗ್ತಿದಾರೆ. ನೀವೊಂಚೂರು ಮಾತಾಡಿಸಿ."

"ನಾನಾ? ನಂಗೆ ಯಾರಮ್ಮಾ ಗೊತ್ತು ಇಲ್ಲಿ?" ಎಂದಳು ಜೂಡಿತ್.

"ಅದಕ್ಕೇ ನೀವು."

ಜೂಡಿತ್ ತರಗತಿ ಗದರಿಸಿ ಪಳಗಿದ ಗಂಟಲೆತ್ತಿದಳು. "ಯಾರಪ್ಪಾ ಅದು? ಬಿಡಿಸಿ ಹೇಳು!"

"ಲೀಲೆಂಡು! ಆ ಮಹಾರಾಣಿಗೆ ಹೇಳಿ, ನೀರು ಬರ್ತಿದೆ, ವಾಪಸ್ ಏಣಿ ಹತ್ಸು ಅಂತ! ಆಮೇಲೆ ಅವಳ ರೊಟ್ಟಿ ಕಟ್ಕೊಂಡ್ರೂ ತೇಲಲ್ಲ!"

ಸತ್ತವರು ರೊಟ್ಟಿಯ ಗೇಲಿ ಮಾಡುವುದಿಲ್ಲ. ಡೆಲ್ಫೀನ್ ಎಲ್ಲರನ್ನೂ ಹಿಂದಕ್ಕೆ ತಿರುಗಿಸಿ ದಬ್ಬಿಕೊಂಡೇ ಏಣಿಗೆ ತಂದಳು. ಜೂಡಿತ್‌ಳ ಮಂಡಿಗೆ ಭುಜ ಕೊಟ್ಟು ಹತ್ತಿಸಿದಳು. ಕೊನೆಗೆ ತಾನು ಹತ್ತುವಾಗ ಮೊದಲು ತಣ್ಣನೆ ಗಾಳಿ ಬಂತು, ಹಿಂದೆಯೇ ಮರದ ಬೊಡ್ಡೆಗಳನ್ನು ಉರುಳಿಸಿಕೊಂಡು ಕಂದು ನೀರು. ಆಗಷ್ಟೇ ಕಾಲಿಟ್ಟಿದ್ದ ಮೆಟ್ಟಿಲು ಕಾಣದಾಯಿತು.

ಮೇಲೆ ಬಂದವಳೇ ಲೀಲೆಂಡನ ಬೆನ್ನಿಗೆ ಒಂದು ಗುದ್ದು ಕೊಟ್ಟಳು.

"ನನ್ನ ಹೆಸರು ಹಿಡಿದು ಕರೆಯೋಕೆ ಏನಾಗಿತ್ತೋ ನಿಂಗೆ?"

"ಕರೆದ್ನಲ್ಲೇ, ಡೆಲ್ಫೀನ್ ಅಂತ! ಒಂದ್ಸಲ ಕೂಗಿದೆ, ಅಷ್ಟರಲ್ಲಿ ಈ ಯಮ್ಮ ಮಾತಾಡಿದ್ರು."

"ಅದಕ್ಕೂ ಮುಂಚೆ ಮೇಕೆಮರಿ ಅಂದ್ಯಲ್ಲ."

ಲೀಲೆಂಡನ ಮುಖದ ನಗು ಆರಿತು. ಒಮ್ಮೆ ಕೊರಕಲಿನ ಕಡೆ ನೋಡಿದ. ನೆಟ್ಟಗೆ ಹೋಗಿ ಟ್ರಕ್ಕು ಚಾಲೂ ಮಾಡಿದ.

ಬಿಸಿಲು ಇಳಿಯುವ ಮುಂಚೆ ಡೆಲ್ಫೀನ್ ಅತ್ತೆಯ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಅತ್ತೆ ಕೆಂಡದ ಮೇಲೆ ಸೀಡರ್ ಮರದ ಎಲೆ ಉದುರಿಸಿ ಅವಳ ತಲೆಯಿಂದ ಪಾದದವರೆಗೆ ಹೊಗೆ ಹಿಡಿದಳು.

"ಓಗೊಟ್ಯಾ?"

"ಇಲ್ಲ ಅತ್ತೆ."

"ಒಳ್ಳೇದಾಯ್ತು ಬಿಡು. ಓಗೊಡಬಾರದು."

ಅತ್ತೆ ಇನ್ನೊಂದು ಚಿಟಿಕೆ ಎಲೆ ಹಾಕಿದಳು. ಹೊಗೆ ದಟ್ಟವಾಗಿ ಅತ್ತೆಯ ಮುಖ ಮರೆಯಾಯಿತು. ಆ ಮರೆಯಿಂದ ತಗ್ಗಿದ ದನಿಯಲ್ಲಿ ಕೇಳಿದಳು:

"ಗಂಟಲು ಹೇಗಿತ್ತೇ? ಅಷ್ಟು ಹೊತ್ತು ನೀರಲ್ಲಿದ್ದ. ಶೀತ ಏನಾದ್ರೂ ಕಟ್ಟಿತ್ತಾ?"